ನೋವೇ ಇಲ್ಲದ ಸೂಜಿ

2024 ಜುಲೈ 14, ಭಾನುವಾರ
ಆಲ್ದೂರು ಹತ್ತಿರ, ಊರಿನ ಮನೆ

ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿ, "ನಿಮ್ಮಪ್ಪಂಗೆ ಶುಗರ್ 342 ತೋರಿಸ್ತಿದೆ, ಮಿಷನ್ನೇ ಕೆಟ್ಟಿದ್ಯೋ ಏನೋ" ಅಂದಳು. ನಿದ್ದೆ ಬರಲಿಲ್ಲ. ಬೆಳಗ್ಗೆ ಚಿಕ್ಕಮಗಳೂರಿಂದ ಮೊದಲ ಬಸ್ಸು ಹಿಡಿದು ಬಂದೆ. ಆಲ್ದೂರಲ್ಲಿ ಇಳಿದು ತೋಟದ ದಾರಿ ಮುಗಿಸುವಷ್ಟರಲ್ಲಿ ಕಾಲಿಗೆ ಮೂರು ಉಂಬಳ. ಮನೆಯಲ್ಲಿ ಎರಡು ದಿನದಿಂದ ಕರೆಂಟಿಲ್ಲ.

ಅಪ್ಪ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಗಳಿಗೆಗೊಂದು ಸಲ ನೀರು ಕುಡಿಯುತ್ತಿದ್ದರು. "ಇನ್ಸುಲಿನ್ ತಗೊಂಡ್ರಾ?" ಅಂದರೆ, "ಒಂದು ಹೊತ್ತೂ ತಪ್ಪಿಸಿಲ್ಲ ಮಗಾ. ಬೆಳಗ್ಗೆ 18 ಯೂನಿಟ್, ರಾತ್ರಿ 10. ಅದೂ ಈ ಹೊಸ ಸೂಜಿ ಎಷ್ಟು ಚೆನ್ನಾಗಿದೆ ಅಂದ್ರೆ, ಚುಚ್ಚಿದ್ದೇ ಗೊತ್ತಾಗಲ್ಲ" ಅಂದರು.

ನನಗೆ ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳೋ ಪೆನ್ನು ಮನೆಗೆ ಬಂದು ಎರಡು ವರ್ಷ. ಅದಕ್ಕೂ ಮುಂಚೆ ನಾಲ್ಕು ವರ್ಷ ಬಾಟ್ಲಿ, ಸಿರಿಂಜು. ಅಮ್ಮ ಕನ್ನಡಕ ಏರಿಸಿಕೊಂಡು ಕಿಟಕಿ ಬೆಳಕಿಗೆ ಬಾಟ್ಲಿ ಹಿಡಿದು, ಗುಳ್ಳೆ ತೆಗೆದು, ಸಣ್ಣ ಸಣ್ಣ ಗೆರೆ ಎಣಿಸಿ ಎಳೆಯುತ್ತಿದ್ದಳು. ಅವಳು ತವರಿಗೆ ಹೋದರೆ ಅಪ್ಪನೂ ಹಿಂದೆಯೇ ಹೋಗಬೇಕಿತ್ತು. ಈಗ ಹಾಗಲ್ಲ. ಹಿಂದಿನ ಗುಂಡಿ ತಿರುಗಿಸಿದರೆ ಒಂದೊಂದು ಯೂನಿಟ್ಟಿಗೂ ಟಿಕ್ ಅನ್ನುತ್ತೆ, ಕಿಂಡಿಯಲ್ಲಿ ನಂಬರ್ ಕಾಣುತ್ತೆ. ಶರ್ಟಿನ ಜೇಬಲ್ಲಿ ಬರೆಯೋ ಪೆನ್ನಿನ ಪಕ್ಕದಲ್ಲೇ ಇದನ್ನೂ ಸಿಕ್ಕಿಸಿಕೊಂಡು ಮದುವೆ ಮನೆಗೆ ಹೋಗುತ್ತಾರೆ. (ಮೊದಲ ಇನ್ಸುಲಿನ್ ಪೆನ್ನು ಬಂದಿದ್ದು 1985ರಲ್ಲಂತೆ, ಡೆನ್ಮಾರ್ಕಿನಲ್ಲಿ. ಹೆಚ್ಚುಕಮ್ಮಿ ನನ್ನ ವಯಸ್ಸಿನದೇ. ನಮ್ಮ ಮನೆಗೆ ಬರಕ್ಕೆ ಇಷ್ಟು ವರ್ಷ ಬೇಕಾಯ್ತು.)

ಪೆನ್ನು ಬಂದರೂ ಸೂಜಿ ಹಾಕಿಕೊಡುವ ಕೆಲಸ ಮಾತ್ರ ಅಮ್ಮನದೇ ಆಗಿತ್ತು. ಕಳೆದ ವಾರ ಅವಳು ಚಿಕ್ಕಮ್ಮನ ಮನೆಯಲ್ಲಿ ಐದು ದಿನ ಇದ್ದಳು. ಅಪ್ಪ ತಾವೇ ಹಾಕಿಕೊಂಡರು.

"ಎಲ್ಲಿ, ನನ್ನೆದುರಿಗೆ ಒಂದು ಸೂಜಿ ಹಾಕಿ ತೋರಿಸಿ" ಅಂದೆ. ಕಾಗದ ಕಿತ್ತರು, ತಿರುಗಿಸಿ ಕೂರಿಸಿದರು, ಮೇಲಿನ ದಪ್ಪ ಮುಚ್ಚಳ ತೆಗೆದರು. ಅಷ್ಟೇ. ಒಳಗಡೆ ಇನ್ನೊಂದು ಸಣ್ಣ ಮುಚ್ಚಳ ಇರುತ್ತಲ್ಲ, ಸೂಜಿಯನ್ನೇ ಮುಚ್ಚಿಕೊಂಡಿರುವ ಕಡ್ಡಿಯಂಥದ್ದು, ಅದು ಹಾಗೇ ಇತ್ತು. ಅಪ್ಪ ಅದನ್ನೇ ಸೂಜಿ ಅಂದುಕೊಂಡು ಐದು ದಿನ ಹೊಟ್ಟೆಗೆ ಒತ್ತಿ ಒತ್ತಿ ತೆಗೆದಿದ್ದಾರೆ! ನೋವು ಎಲ್ಲಿಂದ ಆಗಬೇಕು?

"ಅಂಗಿ ಒದ್ದೆ ಆಗ್ತಿರಲಿಲ್ವಾ?"

"ಆಗ್ತಿತ್ತು. ಮಳೆಗಾಲ, ಯಾವ ಬಟ್ಟೆ ಒಣಗಿದೆ ಹೇಳು."

ಅಮ್ಮ ನಗಲೋ ಅಳಲೋ ಗೊತ್ತಾಗದೆ ಒಳಗೆ ಹೋದಳು. ನಿಜ ಹೇಳಬೇಕೆಂದರೆ ಅವಳೂ ಒಂದು ಯಡವಟ್ಟು ಮಾಡಲಿಕ್ಕಿದ್ದಳು. ಪೆನ್ನೇ ಕೆಟ್ಟಿದೆ ಅಂದುಕೊಂಡು, ಹಳೇ ಸಿರಿಂಜು ಹುಡುಕಿಟ್ಟಿದ್ದಳು, ಕಾಟ್ರಿಜ್‌ನಿಂದಲೇ, ಅಂದರೆ ಪೆನ್ನಿನೊಳಗಿನ ಇನ್ಸುಲಿನ್ ಕೊಳವೆಯಿಂದಲೇ, ಎಳೆದು ಕೊಟ್ಟರಾಯ್ತು ಅಂತ. ಅದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯ್ತು. ಆ ಕೆಂಪು ಮುಚ್ಚಳದ ಸಿರಿಂಜು 40ರ ಲೆಕ್ಕದ್ದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100. ಅದರಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25. ಶುಗರ್ ಏಕದಂ ಇಳಿದು ಜೀವಕ್ಕೇ ಅಪಾಯ. ಸಿರಿಂಜುಗಳನ್ನೆಲ್ಲ ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ.

ಡಾಕ್ಟರಿಗೆ ಫೋನ್ ಮಾಡಿದೆ. ಬಿಟ್ಟುಹೋಗಿದ್ದನ್ನು ಸೇರಿಸಿ ಜಾಸ್ತಿ ಕೊಡಬೇಡಿ, ಯಾವಾಗಿನಷ್ಟೇ ಕೊಡಿ, ಆಗಾಗ ಚೆಕ್ ಮಾಡಿ, ವಾಂತಿ ಅಥವಾ ತುಂಬಾ ಸುಸ್ತು ಕಂಡರೆ ತಕ್ಷಣ ಕರ್ಕೊಂಡು ಬನ್ನಿ ಅಂದರು. ಆಮೇಲೆ ಒಂದೇ ಪ್ರಶ್ನೆ: "ಮೊದಲು ಎರಡು ಯೂನಿಟ್ ಹೊರಗೆ ಬಿಟ್ಟು ನೋಡ್ತಿದ್ರಾ?"

ಇಲ್ಲ. ಅದೇ ನೋಡಿ. ಪ್ರತಿ ಸಲ 2ಕ್ಕೆ ತಿರುಗಿಸಿ, ಸೂಜಿ ಮೇಲೆ ಮಾಡಿ ಒತ್ತಿ, ತುದಿಯಲ್ಲಿ ಹನಿ ಬಂತಾ ನೋಡಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಪ್ಪನಿಗೆ ಅದು ದಂಡ. "ಬೆಳಗ್ಗೆ ಎರಡು, ರಾತ್ರಿ ಎರಡು, ತಿಂಗಳಿಗೆ ಎಷ್ಟಾಯ್ತು ಲೆಕ್ಕ ಹಾಕು" ಅನ್ನುತ್ತಾರೆ. ಕಾಫಿ ಬೆಳೆಗಾರ, ಹನಿಗೂ ಲೆಕ್ಕ. ಆ ಹನಿ ನೋಡಿದ್ದರೆ ಮೊದಲ ದಿನವೇ ಮುಚ್ಚಳ ಕಣ್ಣಿಗೆ ಬೀಳುತ್ತಿತ್ತು. ಪೆನ್ನು ಇಷ್ಟು ಸುಲಭ ಆಗಿದ್ದೇ ತಪ್ಪಾಯ್ತೋ ಏನೋ ಅನ್ನಿಸಿತು. ಸಿರಿಂಜು ಹಿಡಿಯುವಾಗ ಇದ್ದ ಭಯವೇ ಹೋಗಿಬಿಟ್ಟಿದೆ. ಪೆನ್ನನ್ನು ಅಂಗೈಲಿ ಉರುಳಿಸಿ, ಮೇಲೆ ಕೆಳಗೆ ಮಾಡಿ ಒಳಗಿನ ಇನ್ಸುಲಿನ್ ಹಾಲಿನ ಹಾಗೆ ಬೆರೆಸಬೇಕು ಅನ್ನೋದನ್ನೂ ಬಿಟ್ಟಿದ್ದರು. ಒತ್ತಿದ ಮೇಲೆ ಹತ್ತು ಎಣಿಸೋದು ಮಾತ್ರ ಇದೆ, ಅದೂ ಉಸಿರು ಬಿಡದೆ ಒಂದೇ ಗುಕ್ಕಿಗೆ.

ಫ್ರಿಜ್ ಬಂದ್ ಆಗಿದ್ದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಬಳಸುತ್ತಿರುವ ಪೆನ್ನು ಹೊರಗೇ ಇರಬಹುದು, ಹೊರಗೆ ಈ ಥಂಡಿ. ಅಪ್ಪನ ದಿನದ 28ಕ್ಕೆ ಹನಿ ನೋಡೋ 4 ಸೇರಿಸಿದರೆ 300 ಯೂನಿಟ್ಟಿನ ಕಾಟ್ರಿಜ್ 9 ದಿನ ಬರುತ್ತೆ, ಅಷ್ಟರಲ್ಲಿ ಕೆಡಲ್ಲ. ತೆರೆಯದೇ ಇರೋ ಎರಡನ್ನು ಮಾತ್ರ ಕರೆಂಟ್ ಬಂದಿರೋ ಪಕ್ಕದ ಮನೆಗೆ ಕೊಟ್ಟುಬಂದೆ, ಫ್ರೀಜರಲ್ಲಿ ಇಡಬೇಡಿ ಅಂತ ಎರಡೆರಡು ಸಲ ಹೇಳಿ.

ರಾತ್ರಿ ಊಟಕ್ಕೆ ಮುಂಚೆ ಅಮ್ಮ ಟಾರ್ಚ್ ಹಿಡಿದಳು, ನಾನು ಕೈಕಟ್ಟಿ ಕೂತೆ. ಎರಡು ಮುಚ್ಚಳವೂ ಕೆಳಗೆ ಬಿತ್ತು. ತುದಿಯಲ್ಲಿ ಹನಿ ಬಂತು. ಚುಚ್ಚಿದ ಕೂಡಲೇ ಅಪ್ಪ "ಸ್ಸ್" ಅಂದರು.

"ಹಾಂ, ಈಗ ಒಳಗೆ ಹೋಯ್ತು" ಅಂದಳು ಅಮ್ಮ.

ಮಲಗುವ ಮುಂಚೆ 236. ಬೆಳಗ್ಗೆ ಇನ್ನೊಂದು ಸಲ ನೋಡಿಕೊಂಡು ಹೊರಡಬೇಕು. ಬಸ್ಸು ಏಳೂವರೆಗೆ.