ಆಯಿಯ ಜೊತೆ ಆಲಮಟ್ಟಿಗೆ

15 ಡಿಸೆಂಬರ್ 2024, ಭಾನುವಾರ
ನವನಗರ, ಬಾಗಲಕೋಟೆ

ರಾತ್ರಿ ಹನ್ನೊಂದಾಗಿದೆ. ಮಕ್ಕಳಿಬ್ಬರೂ ಕೈಕಾಲು ಕೂಡ ತೊಳೆಯದೆ ಮಲಗಿಬಿಟ್ಟರು. ಸಣ್ಣವನ ಚಡ್ಡಿ ಜೇಬಿನಲ್ಲಿ ನಾಲ್ಕು ಕಲ್ಲು, ಒಂದು ಐಸ್‌ಕ್ರೀಮ್ ಚಮಚ, ಬಾಡಿದ ಒಂದು ಹೂವು ಸಿಕ್ಕವು. ಎಲ್ಲವನ್ನೂ ಕಿಟಕಿಯಲ್ಲಿ ತೆಗೆದಿಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಾನೆ. ಮರೆಯುವ ಮೊದಲು ಇವತ್ತಿನದನ್ನು ಬರೆದಿಡುತ್ತೇನೆ.

ಆಲಮಟ್ಟಿ ಅಣೆಕಟ್ಟೆಯ ಉದ್ಯಾನಕ್ಕೆ ಹೋಗೋಣ ಅಂತ ದೀಪಾವಳಿಯಿಂದಲೂ ಮಾತಾಗಿತ್ತು. ಅದಕ್ಕೆ ಕಾರಣ ಸಣ್ಣವನೇ. ಹಿಂದೊಂದು ಜಾತ್ರೆಯಲ್ಲಿ ಅವನ ಕಾಕಾ ಪ್ರೀತಿಯಿಂದ ಅವನನ್ನು ದೊಡ್ಡ ತೊಟ್ಟಿಲಿನಲ್ಲಿ ಕೂರಿಸಿಕೊಂಡಿದ್ದರು. ಮೇಲೆ ಹೋದಾಗ ಅವನು ಚೀರಿದ್ದು ಕೆಳಗೆ ನಿಂತ ನನಗೆ ಕೇಳಿಸಿತು. ನಿಲ್ಲಿಸಿ ಅಂದರೆ ಅಷ್ಟು ಬೇಗ ನಿಲ್ಲುತ್ತದೆಯೇ? ಇನ್ನೂ ಮೂರು ಸುತ್ತು ಹೊಡೆದೇ ನಿಂತಿತು. ಅವತ್ತಿನಿಂದ ಸಾಲಿಯ ಅಂಗಳದ ಸಣ್ಣ ಜೋಕಾಲಿಗೂ ಹತ್ತಿರ ಹೋಗುತ್ತಿರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಮೋಜು ಅಂದರೆ ಎತ್ತರವೂ ಅಲ್ಲ, ವೇಗವೂ ಅಲ್ಲ. ಅದಕ್ಕೆ ಓಡಲು ಜಾಗ ಬೇಕು, ಮುಟ್ಟಿ ನೋಡಲು ಏನಾದರೂ ಬೇಕು, ಹೆದರಿಕೆಯಾದಾಗ ಹಿಡಿಯಲು ಒಂದು ಕೈ ಬೇಕು. ನನಗೆ ಇದು ಅರ್ಥವಾಗಿದ್ದು ಆ ತೊಟ್ಟಿಲಿನ ನಂತರವೇ.

ಆದರೆ ಅತ್ತೆ, ಮಕ್ಕಳ ಆಯಿ, ಬರಲು ಒಪ್ಪಿರಲಿಲ್ಲ. ಅವರು ಹುಟ್ಟಿದ್ದು, ಮದುವೆಯಾಗಿ ಬಾಳಿದ್ದು ಎಲ್ಲ ಹಳೇ ಬಾಗಲಕೋಟೆಯಲ್ಲಿ, ನದಿ ಕಡೆಯ ಒಂದು ಓಣಿಯಲ್ಲಿ. ಆ ಓಣಿ ಈಗ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ನವನಗರಕ್ಕೆ ಬಂದು ಇಷ್ಟು ವರ್ಷವಾದರೂ ಆಲಮಟ್ಟಿ ಕಡೆ ಒಮ್ಮೆಯೂ ಹೋದವರಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ನಮ್ಮ ಮನಿ ಮುಳುಗಿಸಿದ ನೀರು ನೋಡಾಕ ಟಿಕೇಟ್ ಬ್ಯಾರೆ ತಗೀಬೇಕೇನವ್ವಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಗಂಡನೂ ಸುಮ್ಮನಾಗುತ್ತಿದ್ದರು.

ಕೊನೆಗೆ ಒಪ್ಪಿಸಿದವನು ಸಣ್ಣವ. ನಿನ್ನೆ ರಾತ್ರಿ ಅವರ ತೊಡೆ ಮೇಲೆ ಕೂತು, "ಆಯಿ, ನೀ ಬರ್ಲಿಲ್ಲಂದ್ರ ನನ್ನ ಯಾರ್ ಹಿಡ್ಕೋತಾರ?" ಅಂದ. ಅತ್ತೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿಟ್ಟರು. ನಮಗೆ ಅಷ್ಟೇ ಸಾಕಾಯಿತು.

ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದೆವು. ನಾನು ಮತ್ತು ನೆಗೆಣ್ಣಿ ಸೇರಿ ಬುತ್ತಿ ಕಟ್ಟಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಿನ್ನೆಯೇ ಬಡಿದಿಟ್ಟಿದ್ದೆವು. ಇವತ್ತು ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಮಕ್ಕಳಿಗೆ ಶೇಂಗಾ ಹೋಳಿಗೆ. ಎಣಗಾಯಿಗೆ ಬದನೆಕಾಯಿ ಆರಿಸುವುದು ಅತ್ತೆಯ ಕೆಲಸ. ನನ್ನ ಕೈಗೆ ಕೊಡುವುದಿಲ್ಲ. ಒಂದೊಂದನ್ನೂ ತೊಟ್ಟು ಹಿಡಿದು ತಿರುಗಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಮೆತ್ತಗೆ ಕಂಡದ್ದನ್ನು ಪಕ್ಕಕ್ಕೆ ಇಡುತ್ತಾರೆ. ಆಮೇಲೆ ತೊಟ್ಟು ಬಿಡಿಸದೆ ನಾಲ್ಕು ಸೀಳು ಸೀಳಿ, ಶೇಂಗಾ, ಗುರೆಳ್ಳು, ಹುಣಸೆಹಣ್ಣು, ಬೆಲ್ಲ, ಖಾರ ಕಲಸಿದ ಮಸಾಲೆಯನ್ನು ಹೊಟ್ಟೆ ತುಂಬ ತುಂಬುತ್ತಾರೆ. ಇವತ್ತು ಆ ಕೆಲಸ ಮಾಡುವಾಗ ಅವರು ಎಂದಿಗಿಂತ ಸುಮ್ಮನಿದ್ದರು.

ಹತ್ತು ಗಂಟೆಗೆ ಕ್ರೂಸರ್ ಬಂತು. ನಾವು ನಾಲ್ವರು, ಅತ್ತೆ, ಮೈದುನ, ನೆಗೆಣ್ಣಿ, ಅವರ ಕೂಸು. ಡಿಸೆಂಬರ್ ಆದ್ದರಿಂದ ಬಿಸಿಲು ಹಿತವಾಗಿತ್ತು. ಹೊಲಗಳಲ್ಲಿ ಬಿಳಿಜೋಳ ಎದ್ದು ನಿಂತಿತ್ತು. ಎಳ್ಳಮಾವಾಸ್ಯೆಗೆ ಇನ್ನು ಹದಿನೈದೇ ದಿನ. ಇನ್ನೇನು ಎಲ್ಲರೂ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ.

ಮೊದಲು ರಾಕ್ ಗಾರ್ಡನ್‌ಗೆ ಹೋದೆವು. ಅಲ್ಲಿ ಸಿಮೆಂಟಿನ ಪ್ರಾಣಿಗಳಿವೆ. ಸಣ್ಣವ ಒಂದು ಮೊಸಳೆಯ ಮುಂದೆ ನಿಂತುಬಿಟ್ಟ. ಬಾಯಿ ತೆರೆದ ಮೊಸಳೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಾನು ಎತ್ತಿಕೊಳ್ಳಲು ಹೋದೆ. ಅತ್ತೆ ಕೈ ಹಿಡಿದು ತಡೆದರು. "ಇರ್ಲಿ ಬಿಡು, ಅಂವನ ಹೋಗ್ತಾನ." ಅವನು ಮೊದಲು ಆಯಿಯ ಕೈ ಎಳೆದು ಮೊಸಳೆಯ ಬೆನ್ನ ಮೇಲೆ ಇಡಿಸಿದ. ಏನೂ ಆಗಲಿಲ್ಲ. ಆಮೇಲೆ ಆಯಿಯ ಕೈ ಮೇಲೆ ತನ್ನ ಕೈ ಇಟ್ಟ. ಅಲ್ಲಿಂದ ಮೆಲ್ಲಗೆ ಬಾಯಿಯ ಹತ್ತಿರ ಹೋಗಿ, ಒಂದು ಹಲ್ಲನ್ನು ಬೆರಳ ತುದಿಯಿಂದ ಮುಟ್ಟಿ ಓಡಿಬಂದ. "ಅವ್ವಾ, ಹಲ್ಲು ಗಟ್ಟಿ ಅದಾವ! ಆದ್ರ ಕಚ್ಚೂದಿಲ್ಲ!" ಅರ್ಧ ತಾಸು ಅಲ್ಲೇ ಕಳೆದೆವು. ಹಾದುಹೋಗುವ ಮಕ್ಕಳಿಗೆಲ್ಲ ಅವನದೇ ಭರವಸೆ: ಕಚ್ಚೂದಿಲ್ಲ, ಬಾ.

ಇದಾದ ಮೇಲೆ ಜಾರುಬಂಡಿ, ಜೋಕಾಲಿ. ಜಾತ್ರೆಯಿಂದ ಈಚೆಗೆ ಮೊದಲ ಸಲ ತಾನೇ ಹೋಗಿ ಜೋಕಾಲಿಯಲ್ಲಿ ಕೂತ. "ಮೆತ್ತಗ ತೂಗು, ಅಕ್ಕಾ" ಅಂದ. ಅವಳೂ ಮೆತ್ತಗೇ ತೂಗಿದಳು. ನಾನು ದೂರ ನಿಂತು ನೋಡಿದೆ. ಇಷ್ಟಕ್ಕೇ ಬಂದಿದ್ದು ಸಾರ್ಥಕ ಅನ್ನಿಸಿತು.

ಮಧ್ಯಾಹ್ನ ನೆರಳಲ್ಲಿ ಊಟ ಮುಗಿಸಿ, ಡಬ್ಬಿ ಕಟ್ಟುತ್ತಿದ್ದಾಗ ಆದ ಘಟನೆ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಸಣ್ಣವ ಇಲ್ಲ. ನಾನು ನೆಗೆಣ್ಣಿಯ ಹತ್ತಿರ ಇದ್ದಾನೆ ಅಂದುಕೊಂಡಿದ್ದೆ, ಅವಳು ಅವರಪ್ಪನ ಹತ್ತಿರ ಅಂದುಕೊಂಡಿದ್ದಳು. ಅವರು ನೀರಿನ ಬಾಟಲಿ ತರಲು ಹೋಗಿದ್ದರು. ಹೆಸರು ಹಿಡಿದು ಕೂಗಿದೆ. ಸುತ್ತ ಎಷ್ಟೊಂದು ಮಕ್ಕಳು! ಯಾವುದೋ ಊರಿನ ಸಾಲಿ ಟ್ರಿಪ್ ಬಂದಿತ್ತು. ಎಲ್ಲರದೂ ಒಂದೇ ಸಮವಸ್ತ್ರ, ಒಂದೇ ಎತ್ತರ. ನನ್ನ ಬಾಯಿ ಒಣಗಿ ಹೋಯಿತು. ಮೈದುನ ಗೇಟಿನ ಕಡೆ ಓಡಿದ. ನಾನು ಚಪ್ಪಲಿ ಬಿಟ್ಟೇ ಓಡಿದೆ.

ಕಂಡವಳು ಮಗಳು. "ಅವ್ವಾ, ಅಲ್ನೋಡು!" ಸಾಲಿ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು ಮಾಡಿಕೊಂಡು ಹೊರಟಿದ್ದರು. ಮುಂದೆ ಸೀಟಿ ಊದುತ್ತ ಒಬ್ಬ ಸರ್. ಎಲ್ಲರ ಹಿಂದೆ, ಕೊನೆಯ ಹುಡುಗಿಯ ಫ್ರಾಕಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕೆಂಪು ಟೀ ಶರ್ಟಿನ ನಮ್ಮವನು. ಬಾಯಲ್ಲಿ "ಕೂ ಚುಕು ಚುಕು." ಆ ಹುಡುಗಿಗೆ ಏಳೆಂಟು ವರ್ಷ ಇರಬಹುದು. ಅವಳು ತಿರುಗಿ ತಿರುಗಿ ನೋಡುತ್ತ, ಅವನು ಎಡವದಂತೆ ನಿಧಾನ ನಡೆಯುತ್ತಿದ್ದಳು. ನಾನು ಹೋಗಿ ಎತ್ತಿಕೊಂಡಾಗ, "ಆಂಟಿ, ಇಂವ ನಿಮ್ಮಾಂವೇನ್ರಿ? ಸರ್‌ಗೆ ಹೇಳಾಕ ಹೊಂಟಿದ್ದೆ" ಅಂದಳು. ಅವಳ ತಲೆ ಸವರಿದೆ. ಮಾತು ಹೊರಡಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಎರಡು ಶೇಂಗಾ ಹೋಳಿಗೆಯನ್ನು ಅವಳ ಕೈಗಿಟ್ಟೆ. ಸರ್ ಕಡೆ ನೋಡಿ, ಅವರು ಹ್ಞೂಂ ಅಂದ ಮೇಲೆಯೇ ತಗೊಂಡಳು. ಎಷ್ಟು ಒಳ್ಳೆಯ ಮಗು.

ಇಂಥ ಕಡೆ ಹೋಗುವ ತಾಯಂದಿರಿಗೆ ಒಂದು ಮಾತು. ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ದೂರಕ್ಕೆ ಕಾಣುವ ಬಣ್ಣದ ಅಂಗಿ ಹಾಕಿ. ಮುಖ್ಯವಾಗಿ, ಮಗು ಈಗ ಯಾರ ಜವಾಬ್ದಾರಿ ಅನ್ನುವುದನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಿ. ಮಂದಿ ಜಾಸ್ತಿ ಇದ್ದಷ್ಟೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡು ಎಲ್ಲರೂ ಮೈಮರೆಯುತ್ತೇವೆ.

ಸಂಜೆಯಾಗುವ ಮೊದಲು ಅಣೆಕಟ್ಟೆ ಕಾಣುವ ಜಾಗದಲ್ಲಿ ನಿಂತೆವು. ಗೇಟುಗಳನ್ನು ಮಗಳು ಎಣಿಸತೊಡಗಿದಳು. ಮೊದಲು 24 ಬಂತು, ಆಮೇಲೆ 27. ಮೂರನೇ ಸಲ ಬೆರಳು ಮಡಚಿ ಎಣಿಸಿ 26 ಅಂದಳು. ಸರಿ, ಇರುವುದು 26 ಗೇಟುಗಳೇ. ಅವಳ ಮುಂದಿನ ಪ್ರಶ್ನೆ: "ಅಪ್ಪಾ, ಟಿಎಂಸಿ ಅಂದ್ರ ಏನು?" ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ಕೇಳಿಬರುವ ಮಾತು ಅದು. ಅವರಪ್ಪ ಕೈಯಲ್ಲೇ ಅಳತೆ ತೋರಿಸಿದರು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿ. ಅದರಲ್ಲಿ 28 ಲೀಟರ್ ನೀರು ಹಿಡಿಯುತ್ತದೆ, ಹೆಚ್ಚುಕಡಿಮೆ ಎರಡು ಕೊಡ. ಅಂಥ ನೂರು ಕೋಟಿ ಡಬ್ಬಿ ತುಂಬಿದರೆ ಒಂದು ಟಿಎಂಸಿ. ನೀರಿನ ಮಟ್ಟ 519.60 ಮೀಟರ್ ಮುಟ್ಟಿದಾಗ ಈ ಗೋಡೆಯ ಹಿಂದೆ 123 ಟಿಎಂಸಿ ನಿಲ್ಲುತ್ತದೆ. ಮಗಳು ಕಣ್ಣರಳಿಸಿ ಗೋಡೆಯನ್ನೇ ನೋಡುತ್ತಿದ್ದಳು.

ಅತ್ತೆ ಕೇಳಿದರು: "ನೀರೆಲ್ಲೈತೋ?"

"ಗ್ವಾಡಿ ಆ ಕಡೆ ಐತಿ, ಅವ್ವ."

"ನಮ್ಮೂರು ಯಾ ದಿಕ್ಕಿಗೆ ಬರ್ತೈತಿ?"

ಇವರು ಗೋಡೆಯ ಆಚೆ, ಬಿಸಿಲು ಇಳಿಯುವ ಕಡೆ ಕೈ ತೋರಿಸಿದರು. ಮಗಳಿಗೆ ಅರ್ಥವಾಗಲಿಲ್ಲ. ನಮ್ಮೂರ ಹೊಳೆ ಘಟಪ್ರಭಾ, ಇದು ಕೃಷ್ಣಾ, ಇಲ್ಲಿ ಕಟ್ಟಿದರೆ ಅಲ್ಲಿ ಹೇಗೆ ಮುಳುಗುತ್ತದೆ ಅಂತ ಅವಳ ಪ್ರಶ್ನೆ. ನ್ಯಾಯವಾದದ್ದೇ. ಘಟಪ್ರಭಾ ಹರಿದು ಬಂದು ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಇಲ್ಲಿ ತುಂಬಿ ನಿಂತಾಗ ನೀರು ಹಿಂದಕ್ಕೆ ಒತ್ತಿ ಘಟಪ್ರಭೆಯ ಪಾತ್ರದೊಳಗೂ ಏರುತ್ತದೆ. ಹಾಗೆ ಏರಿ ಏರಿ ಊರೊಳಗೆ ಬಂತು.

ಆಗ ಅತ್ತೆ ಮಾತಾಡಿದರು. ನಾನು ಮದುವೆಯಾಗಿ ಬಂದು ಹನ್ನೆರಡು ವರ್ಷ, ಇದನ್ನು ಅವರ ಬಾಯಿಂದ ಕೇಳಿದ್ದು ಇವತ್ತೇ. ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಆಗ ಅವರಿನ್ನೂ ಪ್ರಧಾನಿ ಆಗಿರಲಿಲ್ಲ. ಅತ್ತೆ ಆಗ ಸಣ್ಣ ಹುಡುಗಿ. ಊರು ಮುಳುಗತೈತಿ ಅನ್ನುವ ಮಾತು ಕೇಳುತ್ತಲೇ ಬೆಳೆದರು, ಕೇಳುತ್ತಲೇ ಮದುವೆಯಾದರು, ಮಕ್ಕಳನ್ನು ಹಡೆದರು. ಎಷ್ಟೋ ವರ್ಷ ಮನೆಗೆ ಸುಣ್ಣ ಹಚ್ಚಿಸುವಾಗಲೂ, ಹಚ್ಚಿಸೋದೋ ಬೇಡವೋ ಅನ್ನುವ ವಿಚಾರ. ಕೊನೆಗೆ ಬಿಟ್ಟು ಬರುವ ದಿನ ಬಾಗಿಲು, ಚೌಕಟ್ಟು ಕಿತ್ತುಕೊಂಡು ಬಂದರಂತೆ. ಹೊಸ್ತಿಲು ಮಾತ್ರ ಏಳಲಿಲ್ಲವಂತೆ. "ಹಾರಿ ಹಾಕಿ ಎಬ್ಸಿದ್ರೂ ಏಳ್ಲಿಲ್ಲ. ಕುಂಕುಮ ಹಚ್ಚಿ ಬಿಟ್ ಬಂದೆ." ಇವತ್ತು ಹೊಸ್ತಿಲ ಹುಣ್ಣಿಮೆ. ಅವರು ಅದನ್ನು ನೆನೆದೇ ಹೇಳಿದರೋ, ನನಗೆ ಮಾತ್ರ ಹಾಗೆ ಹೊಳೆಯಿತೋ. ಕೇಳಲು ಧೈರ್ಯ ಬರಲಿಲ್ಲ.

ಮಗಳು ಆಯಿಯ ಕೈ ಹಿಡಿದು ನಿಂತಿದ್ದಳು. ಮಕ್ಕಳನ್ನು ಆಡಿಸಲು ಕರೆದುಕೊಂಡು ಬಂದು ಇದನ್ನೆಲ್ಲ ಯಾಕೆ ಹೇಳಬೇಕು ಅಂತ ಮೈದುನ ಮೆಲ್ಲಗೆ ಅಂದ. ನನಗೆ ಹಾಗೆ ಅನ್ನಿಸಲಿಲ್ಲ. ಅವಳಿಗೆ ಒಂಬತ್ತು ವರ್ಷ. ಹೂವಿನ ಮಡಿಗಳೂ, ಕಾರಂಜಿಯೂ, ಕಾಲುವೆಗೆ ಹೋಗುವ ನೀರೂ, ವಿದ್ಯುತ್ತೂ ಎಲ್ಲ ಈ ಗೋಡೆಯಿಂದಲೇ ಬಂದವು. ಅವಳ ಆಯಿಯ ಮನೆ ಹೋದದ್ದೂ ಇದರಿಂದಲೇ. ಎರಡೂ ಅವಳಿಗೆ ಗೊತ್ತಿರಬೇಕು.

ಕತ್ತಲಾದ ಮೇಲೆ ಸಂಗೀತ ಕಾರಂಜಿ. ಮೊದಲ ಹಾಡಿನ ಸದ್ದಿಗೆ ಸಣ್ಣವ ಬೆಚ್ಚಿ ಎರಡೂ ಕಿವಿ ಮುಚ್ಚಿ ಆಯಿಯ ಸೆರಗಿನೊಳಗೆ ಹೊಕ್ಕ. ಅವರು ಎಳೆಯಲಿಲ್ಲ, ನೋಡು ಅಂತಲೂ ಅನ್ನಲಿಲ್ಲ. ಸೆರಗು ಹೊದಿಸಿ ಹಾಗೇ ಕೂತರು. ಎರಡನೇ ಹಾಡಿಗೆ ಒಂದು ಕಣ್ಣು ಹೊರಗೆ ಬಂತು. ಮೂರನೆಯದಕ್ಕೆ ತೊಡೆಯ ಮೇಲೆ ಎದ್ದು ನಿಂತ. ನೀರು ಕೆಂಪಾಗಿ, ಹಳದಿಯಾಗಿ, ನೀಲಿಯಾಗಿ ಮೇಲೆ ಚಿಮ್ಮಿ ಬೀಳುತ್ತಿತ್ತು. ತಣ್ಣನೆಯ ತುಂತುರು ಮುಖಕ್ಕೆ ಬಡಿಯಿತು. ಅತ್ತೆ ನಕ್ಕರು. "ಥೇಟ್ ಹೋಳಿ ಬಣ್ಣದ ಬಂಡಿ ಹಂಗ ಐತಿ ನೋಡು!" ನಮ್ಮೂರ ಹೋಳಿ ಗೊತ್ತಲ್ವಾ? ಬಂಡಿಗಳಲ್ಲಿ ಬ್ಯಾರಲ್ ಗಟ್ಟಲೆ ಬಣ್ಣ ಹೇರಿಕೊಂಡು ಓಣಿ ಓಣಿ ಸುತ್ತುತ್ತಾರೆ. ಅತ್ತೆ ಹಳೇ ಮನೆಯ ಮಾಳಿಗೆ ಮೇಲೆ ನಿಂತು ಬಂಡಿಗೆ ಕೊಡ ಕೊಡ ನೀರು ಸುರಿದದ್ದನ್ನು, ಮಾವ ಗುರುತೇ ಸಿಗದಷ್ಟು ಬಣ್ಣವಾಗಿ ಮನೆಗೆ ಬಂದದ್ದನ್ನು ಕಾರಂಜಿ ಮುಗಿಯುವ ತನಕ ಹೇಳುತ್ತಲೇ ಇದ್ದರು. ಮಕ್ಕಳು ಒಂದು ಕಣ್ಣು ನೀರಿನ ಮೇಲೆ, ಒಂದು ಕಿವಿ ಆಯಿಯ ಕಡೆ.

ಬರುವಾಗ ಚಂದ್ರ ದುಂಡಗೆ ಮೇಲೆ ಬಂದಿದ್ದ. ಎಲ್ಲರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಅತ್ತೆ ಮಾತ್ರ ಕಿಟಕಿಯ ಹತ್ತಿರ ಎಚ್ಚರ ಕೂತಿದ್ದರು. ಮನೆಗೆ ಬಂದ ಮೇಲೆ ಎಲೆ ಅಡಿಕೆ ಚಂಚಿ ಬಿಚ್ಚಿ, ಮಡಚಿದ ಟಿಕೇಟನ್ನು ಅದರ ಒಳ ಜೇಬಿಗೆ ಸೇರಿಸಿದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. "ಎಳ್ಳಮಾಸಿ ಆದ ಮ್ಯಾಲ ಹಳೇ ಊರ ಕಡೆ ಒಂದ್ಸಲ ಹೋಗಿ ಬರೂಣು. ಹುಡುಗ್ರೂ ಬರ್ಲಿ" ಅಂದರು.

ಹ್ಞೂಂ ರೀ ಅತ್ತಿ, ಅಂದೆ.

ನಾಳೆ ಸೋಮವಾರ. ಮಗಳ ಸಮವಸ್ತ್ರ ಇನ್ನೂ ಇಸ್ತ್ರಿ ಆಗಿಲ್ಲ.