ಬ್ಯಾಲೆ ನರ್ತಕಿಯರ ಲಂಗ ಏಕೆ ಅಷ್ಟು ಗಿಡ್ಡ?

ನೃತ್ಯದ ಉಡುಪು ಹೊಲಿಯುವುದು ನನ್ನ ಕಸುಬು. ಭರತನಾಟ್ಯದ ಉಡುಪಿಗೆ ಅಳತೆ ಕೊಡಿಸಲು ಮಕ್ಕಳನ್ನು ಕರೆತರುವ ತಾಯಂದಿರು ನನ್ನ ಗೋಡೆಯ ಮೇಲಿನ ಬ್ಯಾಲೆ ನರ್ತಕಿಯ ಚಿತ್ರವನ್ನು ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಸೊಂಟದ ಸುತ್ತ ತಟ್ಟೆಯ ಹಾಗೆ ನಿಲ್ಲುವ ಈ ಲಂಗವನ್ನು ಅಷ್ಟು ಗಿಡ್ಡ ಮಾಡಿದ್ದು ಏಕೆ, ನೋಡುವವರ ಕಣ್ಣಿಗಾಗಿಯೇ? ಕೆಲವರ ದನಿಯಲ್ಲಿ ಸಂಕೋಚವಿರುತ್ತದೆ, ಕೆಲವರದರಲ್ಲಿ ಆಕ್ಷೇಪ. ಅಳತೆ ಪಟ್ಟಿ ಹಿಡಿದುಕೊಂಡು ನಿಂತಲ್ಲೇ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅದಕ್ಕಿಲ್ಲ.

ಟುಟು ಎಂಬ ಹೆಸರಿನ ಈ ಲಂಗವನ್ನು ಗಿಡ್ಡ ಮಾಡಿದ್ದು ಮುಖ್ಯವಾಗಿ ಕಾಲಿನ ವಿದ್ಯೆ. ಹೆಜ್ಜೆ ಕಠಿಣವಾಗುತ್ತ ಹೋದಂತೆ ಅಂಚು ಮೇಲೆ ಸರಿಯುತ್ತ ಹೋಯಿತು; ಹಾಗೆ ಸರಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಬ್ಯಾಲೆ ಬೆಳೆದದ್ದು ಫ್ರಾನ್ಸಿನ ಅರಮನೆಯಲ್ಲಿ. 14ನೆಯ ಲೂಯಿ ತಾನೇ 1653ರಲ್ಲಿ ಸೂರ್ಯನ ವೇಷ ತೊಟ್ಟು ಕುಣಿದಿದ್ದ. ಪ್ಯಾರಿಸ್ ಒಪೇರಾದ ರಂಗಕ್ಕೆ ವೃತ್ತಿನರ್ತಕಿಯರು ಬಂದದ್ದು 1681ರಲ್ಲಿ. ಅಲ್ಲಿಯವರೆಗೆ ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮುಖವಾಡ ಧರಿಸಿ ಮಾಡುತ್ತಿದ್ದರು. ಹಾಗೆ ಬಂದ ಹೆಣ್ಣುಮಕ್ಕಳು ಉಟ್ಟದ್ದು ಆಸ್ಥಾನದ ಭಾರವಾದ ಉಡುಗೆಯನ್ನೇ: ನೆಲ ಮುಟ್ಟುವ ಲಂಗ, ಬಿಗಿದ ಕುಪ್ಪಸ, ಎತ್ತರದ ಹಿಮ್ಮಡಿಯ ಪಾದರಕ್ಷೆ. ಆದರೆ 18ನೆಯ ಶತಮಾನದ ಗಂಡು ನರ್ತಕರು ತೊಡುತ್ತಿದ್ದ ಟಾನೆಲೆ ಎಂಬ ಗಡುಸಾದ ಲಂಗ ಮಂಡಿಯ ಹತ್ತಿರವೇ ನಿಲ್ಲುತ್ತಿತ್ತು, ಆದ್ದರಿಂದ ನೆಗೆತ ಮತ್ತು ಚುರುಕು ಪಾದಗತಿಯ ಕೀರ್ತಿಯೆಲ್ಲ ಅವರಿಗೇ ಸಲ್ಲುತ್ತಿತ್ತು. ಹೆಣ್ಣಿನ ಪಾದ ಎಷ್ಟೇ ಕಲಿತಿದ್ದರೂ ಬಟ್ಟೆಯೊಳಗೇ ಉಳಿಯುತ್ತಿತ್ತು.

1726ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಬಂದ ಮಾರಿ ಕಾಮಾರ್ಗೋ ಗಾಳಿಯಲ್ಲಿ ಪಾದಗಳನ್ನು ಮತ್ತೆ ಮತ್ತೆ ಅಡ್ಡಹಾಯಿಸುವ, ಗಂಡಸರದೆಂದೇ ಎಣಿಸಿದ್ದ ನೆಗೆತವನ್ನು ಮಾಡಬಲ್ಲವಳಾಗಿದ್ದಳು. ಅದು ಕಾಣಲೆಂದು ಅವಳು ಲಂಗವನ್ನು ಕಣಕಾಲಿನ ಮೇಲಕ್ಕೆ ಕತ್ತರಿಸಿದಳು. ಕೆಲವೇ ಅಂಗುಲಗಳ ಆ ಬದಲಾವಣೆ ಊರೆಲ್ಲ ಮಾತಾಯಿತು. ಅವಳ ಸಮಕಾಲೀನಳಾದ ಮಾರಿ ಸಾಲೆ 1734ರಲ್ಲಿ ಲಂಡನ್ನಿನಲ್ಲಿ ಲಂಗದ ಒಳಚೌಕಟ್ಟನ್ನೇ ತೆಗೆದುಹಾಕಿ, ತೆಳು ಮಸ್ಲಿನ್ ಉಟ್ಟು, ಕೂದಲನ್ನು ಬಿಟ್ಟುಕೊಂಡು ಕುಣಿದಳು.

1832ರ ಮಾರ್ಚ್ 12ರಂದು ಪ್ಯಾರಿಸ್ಸಿನಲ್ಲಿ ‘ಲಾ ಸಿಲ್ಫೀಡ್’ ಪ್ರದರ್ಶನವಾದಾಗ ಮಾರಿ ತಾಲ್ಯೋನಿ ಉಟ್ಟದ್ದು ಮೀನಖಂಡದ ನಡುವಿನವರೆಗೆ ಇಳಿಯುವ, ಗಂಟೆಯ ಆಕಾರದ ಬಿಳಿಯ ಲಂಗ. ಹಗುರವಾದ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿದ ಆ ಲಂಗ ಗ್ಯಾಸ್ ದೀಪಗಳ ಬೆಳಕಿನಲ್ಲಿ ಮಂಜಿನಂತೆ ತೋರುತ್ತಿತ್ತು, ಬೆರಳ ತುದಿಯ ಮೇಲೆ ನಿಂತ ಅವಳ ಪಾದಗಳು ಅದರ ಕೆಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಆ ಬಟ್ಟೆಯೂ ಆ ದೀಪವೂ ಒಂದೇ ರಂಗದಲ್ಲಿದ್ದದ್ದಕ್ಕೆ ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿಯ ಲಂಗಕ್ಕೆ 1862ರ ನವೆಂಬರ್ 15ರಂದು, ತಾಲೀಮಿನ ನಡುವೆ, ಗ್ಯಾಸ್ ದೀಪದ ಉರಿ ತಗುಲಿತು. ಬೆಂಕಿ ಹಿಡಿಯದಂತೆ ರಾಸಾಯನಿಕದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು. ಆದರೆ ಹಾಗೆ ಅದ್ದಿದರೆ ಬಟ್ಟೆ ಮಂಕಾಗಿ ಬಿರುಸಾಗುತ್ತದೆಂದು ಅವಳು ಅದನ್ನು ಒಪ್ಪಿರಲಿಲ್ಲ. ಎಂಟು ತಿಂಗಳು ನರಳಿ, 1863ರ ಜುಲೈನಲ್ಲಿ ತೀರಿಕೊಂಡಳು. ಅವಳ ಉಡುಪಿನ ಸುಟ್ಟ ಚೂರುಗಳನ್ನು ಪ್ಯಾರಿಸ್ ಒಪೇರಾದ ಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಬಟ್ಟೆಯ ಹಗುರತನಕ್ಕಾಗಿ ಅವಳು ಹಿಡಿದ ಹಟವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ಬಟ್ಟೆ ಬಿರುಸಾದರೆ ಕುಣಿತವೂ ಬಿರುಸಾಗುತ್ತದೆಂಬುದನ್ನು ನಾನು ದಿನವೂ ಕಾಣುತ್ತೇನೆ.

ತಾಯಂದಿರ ಅನುಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಒಪೇರಾದ ಹಣವಂತ ಚಂದಾದಾರರಿಗೆ ರಂಗದ ಹಿಂದಿನ ಕೋಣೆಗೆ ಪ್ರವೇಶವಿತ್ತು. ದೆಗಾ ಬರೆದ ನರ್ತಕಿಯರ ಚಿತ್ರಗಳಲ್ಲಿ ಕಪ್ಪು ಕೋಟಿನ ಆ ಗಂಡಸರು ಪರದೆಯ ಬದಿಯಲ್ಲಿ ನಿಂತಿರುವುದನ್ನು ಕಾಣಬಹುದು. ಆದರೆ ಅದೇ ಚಿತ್ರಗಳಲ್ಲಿ ಲಂಗ ಮಂಡಿಯನ್ನು ಮುಚ್ಚಿಕೊಂಡೇ ಇದೆ. ಕೆಟ್ಟ ಕಣ್ಣಿಗೆ ಉದ್ದ ಲಂಗ ಅಡ್ಡಿಯಾಗಿರಲಿಲ್ಲ.

ಅಂಚು ಮಂಡಿ ದಾಟುವ ದಾರಿ ತೆರೆದದ್ದು ರಷ್ಯಾದಲ್ಲಿ, ಇಟಲಿಯ ನರ್ತಕಿಯರಿಂದ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವರ್ಜೀನಿಯಾ ಝುಕ್ಕಿ ಅಲ್ಲಿನ ರೂಢಿಗಿಂತ ಗಿಡ್ಡವಾದ ಲಂಗವೇ ತನಗೆ ಬೇಕೆಂದಳು. ಪಿಯೆರೀನಾ ಲೆನ್ಯಾನಿ 1895ರಲ್ಲಿ ‘ಸ್ವಾನ್ ಲೇಕ್’ನಲ್ಲಿ ಒಂದೇ ಕಾಲಿನ ಮೇಲೆ, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತ 32 ಸುತ್ತು ಸುತ್ತಿದಳು. ಮಂಡಿ ನೇರವಾಗಿದೆಯೇ, ತೊಡೆ ಸೊಂಟದಿಂದಲೇ ಹೊರಕ್ಕೆ ತಿರುಗಿದೆಯೇ ಎಂಬುದು ಕಾಣದಿದ್ದರೆ ಅಂಥ ಸುತ್ತಿನ ಚೆಲುವು ಅರ್ಧ ಹೋಯಿತು. ಹಾಗಿದ್ದೂ ಲೆನ್ಯಾನಿಯ ಛಾಯಾಚಿತ್ರಗಳಲ್ಲಿ ಲಂಗ ಹೆಚ್ಚುಕಡಿಮೆ ಮಂಡಿಯವರೆಗೆ ಇಳಿದಿದೆ. ತೊಡೆಯ ಬುಡದಲ್ಲಿ ತಟ್ಟೆಯಂತೆ ಅಡ್ಡಕ್ಕೆ ನಿಲ್ಲುವ ಟುಟು 20ನೆಯ ಶತಮಾನದ್ದು.

ನಮ್ಮ ನಾಡಿನ ರಂಗಕ್ಕೂ ಬ್ಯಾಲೆಗೂ ಒಂದು ನಂಟಿದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಷ್ಯಾದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಅವರ ಸ್ನೇಹದಲ್ಲಿ ಬ್ಯಾಲೆಯನ್ನು ಹತ್ತಿರದಿಂದ ಕಂಡರು, ಅದರ ಪಾಠಗಳನ್ನೂ ಕಲಿತರು. ಮುಂದೆ 1930ರ ದಶಕದಲ್ಲಿ ಭರತನಾಟ್ಯಕ್ಕೆ ಹೊಸ ಉಡುಪು ರೂಪಿಸಿದಾಗ ಅವರು ಮಾದರಿಗಾಗಿ ನೋಡಿದ್ದು ಮಾತ್ರ ದೇವಾಲಯದ ಶಿಲ್ಪಗಳನ್ನು. ಅರೆಮಂಡಿಯಲ್ಲಿ ಕೂತೊಡನೆ ಎರಡು ಮಂಡಿಗಳ ನಡುವೆ ಬಿಚ್ಚಿಕೊಳ್ಳುವ ಫ್ಯಾನನ್ನು ನಾನು ಹೊಲಿಯುವಾಗ ನೋಡುವುದೂ ಅದನ್ನೇ: ಕಾಲಿನ ರೇಖೆ ಕಾಣಬೇಕು.

ಒಮ್ಮೆ ಟುಟುವನ್ನೂ ಹೊಲಿದಿದ್ದೇನೆ. ಹತ್ತು ಪದರ ನೆಟ್ ಬಟ್ಟೆಯನ್ನು ಒಂದೊಂದಾಗಿ ನೆರಿಗೆ ಹಿಡಿದು, ಉದ್ದವಾದದ್ದನ್ನು ಮೇಲಿಟ್ಟು, ಕೆಳಕ್ಕೆ ಹೋದಂತೆ ಗಿಡ್ಡ ಮಾಡುತ್ತ ಒಳಚಡ್ಡಿಗೇ ಕೂಡಿಸಬೇಕು. ನಡುವಿನ ಪದರದಲ್ಲಿ ತೆಳು ಉಕ್ಕಿನ ಬಳೆ. ಕೊನೆಗೆ ಪದರಗಳನ್ನೆಲ್ಲ ಕೈಯಿಂದಲೇ ಟಾಕ ಹಾಕಿ ಸೇರಿಸುವಾಗ ದಾರವನ್ನು ಬಿಗಿಯುವ ಹಾಗಿಲ್ಲ, ಬಿಗಿದರೆ ಅದು ಉಸಿರಾಡುವುದಿಲ್ಲ. ಬೆನ್ನಿಗೆ ಎರಡು ಮೂರು ಸಾಲು ಹುಕ್ಕು, ಮುಂದಿನ ವರ್ಷ ಬೇರೊಬ್ಬಳು ತೊಡಲೆಂದು. ಮುಗಿದ ಮೇಲೆ ಅದನ್ನು ತಲೆಕೆಳಗಾಗಿ ತೂಗುಹಾಕಬೇಕು. ನೆಟ್ಟಗೆ ತೂಗಿದರೆ ಪದರಗಳು ಜೋತುಬೀಳುತ್ತವೆ.