ಮೊದ್ಲ ಕೇಳ್ರಿ, ಆಮ್ಯಾಲ ಒತ್ರಿ

ಸಂಪಾದಕ ಮಂಡಳಿಯವರು ಫೋನ್ ಮಾಡಿ ಕಾಲೇಜಿನ ನೆನಪು ಬರೆದುಕೊಡಿ ಅಂದಾಗ ನನಗೆ ಮೊದಲು ಕೇಳಿಸಿದ್ದು ಗುರ್ರ್ ಎನ್ನುವ ಸದ್ದು. ಹಳೆ ಮೊಬೈಲಿನೊಳಗಿನ ಪುಟ್ಟ ವೈಬ್ರೇಟರ್ ಮೋಟಾರಿನ ಸದ್ದು ಅದು. 2010ರ ಬೇಸಿಗೆಯಲ್ಲಿ, ಬೀದರಿನ ನಮ್ಮ ಇಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ, ಅದು ಒಮ್ಮೆ ಶುರುವಾಗಿ ನಿಲ್ಲಲೇ ಇಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರಿದ್ದೆವು. ಹುಮನಾಬಾದಿನವಳು ಒಬ್ಬಳು, ಭಾಲ್ಕಿಯವನು, ಔರಾದಿನವನು, ಬಸವಕಲ್ಯಾಣದ ನಾನು. ಕತ್ತಲಲ್ಲಿ, ಬಾಯಿ ತೆರೆಯದೆ, ಸೈನಿಕರ ಒಂದು ಸಣ್ಣ ತಂಡ ತಮ್ಮತಮ್ಮಲ್ಲೇ ಸನ್ನೆ ಮಾಡಿಕೊಳ್ಳುವ ಯಂತ್ರ ಮಾಡುವುದು ನಮ್ಮ ಯೋಚನೆ. ಒಬ್ಬ ಗುಂಡಿ ಒತ್ತಿದರೆ ಉಳಿದ ಮೂವರ ಮೈಮೇಲಿನ ಡಬ್ಬಿ ನಡುಗಬೇಕು. ದಿನವೂ ತಲೆಯ ಮೇಲೆ ವಾಯುಪಡೆಯ ಹಾಕ್ ವಿಮಾನ ಕಿವಿಗಡಚಿಕ್ಕುವ ಹಾಗೆ ಹಾರುವ ಊರಲ್ಲಿ ಓದುವವರಿಗೆ ಇಂಥ ಹುಚ್ಚು ಹಿಡಿಯದೆ ಇರುತ್ತದೆಯೇ?

ಸಾಮಾನು ತರಲು ಜಹೀರಾಬಾದ್ ದಾಟಿ ಹೈದರಾಬಾದಿನ ಕೋಠಿಗೆ ಹೋದೆವು. ಅಲ್ಲಿನ ಗುಜರಾತಿ ಗಲ್ಲಿಯಲ್ಲಿ 433 ಮೆಗಾಹರ್ಟ್ಸಿನ ಟ್ರಾನ್ಸ್‌ಮಿಟರ್-ರಿಸೀವರ್ ನಾಲ್ಕು ಜೋಡಿ, ಸಂಕೇತ ಕಟ್ಟುವ ಎಚ್‌ಟಿ12ಇ ಎನ್‌ಕೋಡರ್, ಅದನ್ನು ಬಿಚ್ಚುವ ಎಚ್‌ಟಿ12ಡಿ ಡಿಕೋಡರ್, ಪ್ರೋಗ್ರಾಂ ನಡೆಸುವ 20 ಕಾಲಿನ 89ಸಿ2051 ಮೈಕ್ರೋಕಂಟ್ರೋಲರ್, ಎಲ್ಲ ಸಿಕ್ಕಿತು. ವೈಬ್ರೇಟರ್ ಮೋಟಾರು ಮಾತ್ರ ಬೀದರಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಗುಜರಿಯೊಳಗೆ ಕೈಯಾಡಿಸಿ ಆರಿಸಿಕೊಂಡದ್ದು.

ಇನ್ನು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್. ಹೆಸರು ಬರೆದರೆ ಅವರಿಗೆ ಸರಿ ಬರುವುದಿಲ್ಲ, ಬಿಡುತ್ತೇನೆ. ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಕೋರಿನಲ್ಲಿ ದುಡಿದು ನಿವೃತ್ತರಾಗಿ ಬಂದವರು. ಜಬಲ್‌ಪುರದಲ್ಲಿ ತರಬೇತಿ ಪಡೆದದ್ದನ್ನು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಿದ್ದರು. 'ತೀವ್ರ ಚೌಕಸ್' (ಚುರುಕು, ಎಚ್ಚರ) ಎಂಬ ಆ ಕೋರಿನ ಘೋಷವಾಕ್ಯವನ್ನು ತಡವಾಗಿ ಬಂದವರ ಮುಖಕ್ಕೆ ಹೇಳುವುದು ಅವರ ಅಭ್ಯಾಸ. ನಮ್ಮ ಪ್ರಾಜೆಕ್ಟಿನ ಗೈಡ್ ಅವರಲ್ಲ. ಆದರೆ ಗೈಡ್ ಸಹಿ ಮಾಡಿದರು, ಕಲಿಸಿದವರು ಇವರು.

ಮೊದಲ ದಿನ ಮೋಟಾರು ನಿಲ್ಲದೆ ನಡುಗುತ್ತಿತ್ತು ಅಂದೆನಲ್ಲ. ಗುಂಡಿ ಬಿಟ್ಟರೂ ನಡುಗು, ಟ್ರಾನ್ಸ್‌ಮಿಟರ್ ಬಿಚ್ಚಿಟ್ಟರೂ ನಡುಗು. ಸರ್ ಬಂದು ನೋಡಿ, "ಏನಪಾ, ಮೋಟಾರು ಯಾವ ಪಿನ್ನಿಗಿ ಕೊಟ್ಟೀರಿ?" ಅಂದರು. ಡೇಟಾ ಪಿನ್ನಿಗೆ ಕೊಟ್ಟಿದ್ದೆವು. ಎಚ್‌ಟಿ12ಡಿ ಕೊನೆಗೆ ಬಂದ ಡೇಟಾವನ್ನು ಹಾಗೇ ಹಿಡಿದುಕೊಂಡು ಕೂರುತ್ತದೆ. ಸರಿಯಾದ ಸಂಕೇತ ಈಗ ಬರುತ್ತಿದೆ ಎಂದು ಹೇಳುವುದು ವಿಟಿ ಎಂಬ ಬೇರೆ ಪಿನ್ನು. ಅದೂ ಮೂರು ಸಲ ಒಂದೇ ಸಮ ಬಂದ ಮೇಲೆ. "ಡೇಟಾ ನೋಡಬ್ಯಾಡ್ರಿ, ವಿಟಿ ನೋಡ್ರಿ. ನಿನ್ನೆ ಬಂದ ಪತ್ರ ಇವತ್ತ ಓದಿ ಅಳ್ತೀರೇನು?" ಅಂದರು.

ದೂರದ್ದು ಮುಂದಿನ ಗೋಳು. ಲ್ಯಾಬಿನ ಬಾಗಿಲು ದಾಟಿದರೆ ಸಂಕೇತವಿಲ್ಲ. ಆಂಟೆನಾ ಜಾಗಕ್ಕೆ ಕೈಗೆ ಸಿಕ್ಕ ತಂತಿ ತುಂಡು ಬೆಸೆದಿದ್ದೆವು. ಸರ್ ಬೋರ್ಡಿನ ಮೇಲೆ ಲೆಕ್ಕ ಬರೆಸಿದರು: ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗವನ್ನು 433.92 ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲು ಭಾಗ 17 ಚಿಲ್ಲರೆ. ಅಷ್ಟುದ್ದದ ನೆಟ್ಟಗಿನ ತಂತಿ ಹಾಕಿದ ಸಂಜೆ ಕಾಲೇಜು ಮೈದಾನದ ಅರ್ಧದವರೆಗೆ ಡಬ್ಬಿ ನಡುಗಿತು. ಸೊಂಟಕ್ಕೆ ಕಟ್ಟಿಕೊಂಡವನು ಬೆನ್ನು ತಿರುಗಿಸಿದರೆ ಮತ್ತೆ ಸುಮ್ಮನೆ. ಮನುಷ್ಯನ ಮೈ ಅಂದರೆ ಬಹುಪಾಲು ನೀರು, ಅಲೆಯನ್ನು ಅದು ಕುಡಿದುಬಿಡುತ್ತದೆ. "ಚೌಬಾರಾ 71 ಫೂಟ್ ಎತ್ತರ ಯಾಕ ಕಟ್ಟ್ಯಾರ? ಮಂದೀಗಿ ಮೆಟ್ಲ ಹತ್ತಿಸ್ಲಿಕ್ಕೇನು?" ಎಂದು ಊರಿನ ಹಳೆಯ ಕಾವಲು ಗೋಪುರದ ಮಾತೆತ್ತಿ ಕೇಳಿದರು ಸರ್. ಡಬ್ಬಿ ಸೊಂಟದಿಂದ ಹೆಗಲಿಗೆ ಏರಿತು.

ಕೋಟೆಯ ಬಯಲಲ್ಲಿ ಪರೀಕ್ಷೆ ಮಾಡೋಣ ಎಂದು ಭಾಲ್ಕಿಯವನು ಕುಣಿದಾಡಿದ. ಸರ್ ಕಣ್ಣು ಕೆಂಪಗೆ ಮಾಡಿದರು. "ಮ್ಯಾಲ ವಿಮಾನ, ಬಾಜೂಕ ಏರ್ ಫೋರ್ಸ್ ಸ್ಟೇಶನ್. ನೀವು ತಂತಿ ಎಬ್ಬಿಸ್ಕೊಂಡು ಕೋಟ್ಯಾಗ ಅಡ್ಡಾಡ್ರಿ, ಪ್ರಾಜೆಕ್ಟ್ ರಿಪೋರ್ಟ್ ಪೊಲೀಸರ ಮುಂದ ಓದ್ರಿ." ಆ ಮಾತು ಅಲ್ಲಿಗೇ ಮುಗಿಯಿತು.

ಆದರೆ ನಿಜವಾದ ತೊಡಕು ದೂರದ್ದಾಗಿರಲಿಲ್ಲ. ನಾಲ್ಕೂ ಡಬ್ಬಿ ಒಂದೇ ಫ್ರೀಕ್ವೆನ್ಸಿಯಲ್ಲಿ. ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರದೂ ಹಾಳು, ಯಾರಿಗೂ ಏನೂ ತಲುಪದು. ಗಾಬರಿಯ ಹೊತ್ತಲ್ಲೇ ಎಲ್ಲರೂ ಒಟ್ಟಿಗೆ ಒತ್ತುವುದು! ಇದನ್ನು ನಾವು ಬಿಡಿ ಭಾಗಗಳ ದೋಷ ಎಂದುಕೊಂಡು ಎರಡು ವಾರ ಬೆಸುಗೆ ಕಿತ್ತು ಬೆಸುಗೆ ಹಾಕಿದೆವು. ಸರ್ ಒಂದು ಮಧ್ಯಾಹ್ನ ಡಬ್ಬಿ ಮುಟ್ಟದೆ ನಮ್ಮನ್ನು ಮೈದಾನದ ನಾಲ್ಕು ಮೂಲೆಗೆ ನಿಲ್ಲಿಸಿ ಕೂಗಿಕೊಂಡು ಮಾತಾಡಲು ಹೇಳಿದರು. ಬೀದರಿನ ಬಿಸಿಲು, ಐದು ನಿಮಿಷಕ್ಕೆ ಗಂಟಲು ಒಣಗಿತು, ಒಬ್ಬರದೂ ಒಬ್ಬರಿಗೆ ತಿಳಿಯಲಿಲ್ಲ. "ವಾಯರ್‌ಲೆಸ್ ಅಂದ್ರ ಮಾತಾಡೋದಲ್ಲ. ಮೊದ್ಲ ಕೇಳ್ರಿ, ಆಮ್ಯಾಲ ಒತ್ರಿ."

ಅಂದು ರಾತ್ರಿ ಹಾಸ್ಟೆಲಿನಲ್ಲಿ ಪ್ರೋಗ್ರಾಂ ಹೊಸದಾಗಿ ಬರೆದೆವು. ಗುಂಡಿ ಒತ್ತಿದರೂ ಡಬ್ಬಿ ಮೊದಲು ವಿಟಿ ಪಿನ್ ನೋಡಬೇಕು, ಬೇರೆಯವರ ಸಂಕೇತ ಬರುತ್ತಿದ್ದರೆ ಕಾಯಬೇಕು, ಕಾಯುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ಒಂದು ಸಲಕ್ಕೆ ಕಳಿಸಲು ಇದ್ದದ್ದು ನಾಲ್ಕು ಬಿಟ್, ಅಂದರೆ ಸೊನ್ನೆಯೋ ಒಂದೋ ತುಂಬುವ ನಾಲ್ಕು ಮನೆ. ಎರಡು ಬಿಟ್ ಕಳಿಸಿದವರು ಯಾರು ಎಂದು ಹೇಳಲು, ಎರಡು ಬಿಟ್ ಸಂದೇಶಕ್ಕೆ. ಹಾಗಾಗಿ ನಮ್ಮ ಸೈನ್ಯಕ್ಕೆ ನಾಲ್ಕೇ ಮಾತು: ನಿಲ್ಲು, ಮುಂದೆ ಹೋಗು, ಅಪಾಯ, ಸಿಕ್ಕಿತು. 'ಸಿಕ್ಕಿತು' ಸರ್ ಹಟ ಹಿಡಿದು ಹಾಕಿಸಿದ್ದು. ಡಬ್ಬಿಯೇ ತಾನಾಗಿ ಉತ್ತರ ಕಳಿಸಲಿ ಅಂದರೆ ಒಪ್ಪಲಿಲ್ಲ. "ಯಂತ್ರಕ್ಕ ಸಿಕ್ರ ಮನಿಷಾಗ ಸಿಕ್ಕಂಗಲ್ಲ. ಬೆರಳ ಒತ್ತಲಿ." ಹುಮನಾಬಾದಿನವಳು ತಂಡದ ನಾಯಕಿ, ಅವಳ ಡಬ್ಬಿಯ ಮೇಲೆ ಮೂರು ದೀಪ, ಒಬ್ಬೊಬ್ಬರ 'ಸಿಕ್ಕಿತು' ಬಂದಂತೆ ಒಂದೊಂದು ಹತ್ತುತ್ತಿತ್ತು.

ವಿಭಾಗದ ಪ್ರದರ್ಶನದ ದಿನ ಇನ್ನೊಂದು ಮರ್ಯಾದೆ ಹೋಯಿತು. ಪಕ್ಕದ ಮೇಜಿನಲ್ಲಿ ಜೂನಿಯರ್‌ಗಳ ರೇಡಿಯೋ ಕಾರು. ಅವರು ಕಾರು ಓಡಿಸಿದರೆ ನಮ್ಮ ಹೆಗಲು ನಡುಗುತ್ತದೆ, ನಾವು 'ಅಪಾಯ' ಒತ್ತಿದರೆ ಅವರ ಕಾರು ಗೋಡೆಗೆ ಹೋಗಿ ಬಡಿಯುತ್ತದೆ. ಆ ಎನ್‌ಕೋಡರ್, ಡಿಕೋಡರ್ ಚಿಪ್ಪಿಗೆ ಎಂಟು ವಿಳಾಸದ ಪಿನ್ನು, 256 ವಿಳಾಸ ಸಾಧ್ಯ. ನಾವೂ ಅವರೂ ಒಂದೇ ಸರ್ಕ್ಯೂಟ್ ನಕಲು ಹೊಡೆದು ಎಂಟನ್ನೂ ಸೊನ್ನೆ ವೋಲ್ಟಿನ ಗ್ರೌಂಡ್ ತಂತಿಗೆ ಕೊಟ್ಟಿದ್ದೆವು, ಇಬ್ಬರದೂ ಒಂದೇ ವಿಳಾಸ! ಸರ್ ನಕ್ಕರೋ ಬೈದರೋ ಈಗಲೂ ತಿಳಿಯದು. ವಿಳಾಸ ಬದಲಿಸಿ ಬಂದಾಗ, 256 ಬೀಗದ ಕೈ ಒಂದೊಂದಾಗಿ ತಿರುವಲು ವೈರಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ. ನಮ್ಮದರಲ್ಲಿ ಗುಪ್ತತೆ ಎಂಬುದೇ ಇರಲಿಲ್ಲ. ಸೈನ್ಯದ ಹೆಸರು ಹೇಳಿಕೊಂಡ ಆಟಿಕೆ ಅದು. ರಿಪೋರ್ಟಿನಲ್ಲಿ ಹಾಗೆಯೇ ಬರೆಯಲು ಹೇಳಿದರು. ಬರೆದೆವು.

ವೈವಾ ದಿನ ಹೊರಗಿನ ಪರೀಕ್ಷಕರು ಬಂದರು. ನಾಯಕಿಯ ಡಬ್ಬಿಯ ಗುಂಡಿ ತಾವೇ ಒತ್ತಿ, "ಬಂದವರು ಕೈ ಎತ್ತಿ" ಅಂದರು. ಇಬ್ಬರು ಎತ್ತಿದರು. ನನ್ನ ಹೆಗಲು ಸುಮ್ಮನಿತ್ತು. ಅವರನ್ನು ನೋಡಿ ನಾನೂ ಎತ್ತಿದೆ. ಬೆರಳು ಸತ್ತ ಗುಂಡಿಯನ್ನು ಒತ್ತುತ್ತಲೇ ಇತ್ತು. ಪರೀಕ್ಷಕರು ಕೈ ಎಣಿಸಿ ತಲೆಯಾಡಿಸಿದರು. ದೀಪ ಎಣಿಸಿದವರು ಬಾಗಿಲ ಹತ್ತಿರ ನಿಂತಿದ್ದ ಸರ್ ಒಬ್ಬರೇ. ಎರಡು.

ಪರೀಕ್ಷಕರು ರಿಪೋರ್ಟಿನ ಪುಟ ತಿರುವುತ್ತಿದ್ದಾಗ ಸರ್ ಮಾತಿಲ್ಲದೆ ನನ್ನ ಹಿಂದೆ ಬಂದು ಹೆಗಲ ಡಬ್ಬಿ ಬಿಚ್ಚಿದರು. ತಮ್ಮ ಮಲ್ಟಿಮೀಟರಿನ ಹಿಂಬದಿ ತೆರೆದು 9 ವೋಲ್ಟ್ ಬ್ಯಾಟರಿ ಕಿತ್ತು ಅದರಲ್ಲಿ ಕೂರಿಸಿದರು. ನಂತರ ಕಿವಿಯ ಹತ್ತಿರ ಬಾಗಿ, "ಸಾಹೇಬ್ರಿಗಿ ಇನ್ನೊಮ್ಮೆ ಒತ್ತ್ರಿ ಅನ್ನು" ಅಂದರು.

ಅಂದೆ. ಮೂರನೆಯ ದೀಪ ಹತ್ತಿತು. ಸಂಜೆತನಕ ಲ್ಯಾಬಿನಲ್ಲಿ ಮಲ್ಟಿಮೀಟರ್ ನಡೆಯಲಿಲ್ಲ.